ಹದಿಮೂರನೆಯವರ ಮುನಿಸು

ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಬರವಿಲ್ಲ. ನಿಮ್ಮ ಮನೆಯಲ್ಲೂ ಇರಲಾರದು. ಚೀಲದೊಳಗೆ ಚೀಲ, ಅದರೊಳಗೆ ಇನ್ನೊಂದು ಚೀಲ ತುರುಕಿ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕುವ ಪದ್ಧತಿಯನ್ನು ನಾವು ಮೈಸೂರಿನಿಂದ ಟೆಕ್ಸಾಸಿನ ಫ್ಲವರ್ ಮೌಂಡ್‌ವರೆಗೆ ಭಕ್ತಿಯಿಂದ ತಂದವರು. ಆದರೆ ಮೊನ್ನೆ ಚಳಿಯ ಕೋಟು ತೆಗೆಯಲು ಕಪಾಟಿಗೆ ಕೈ ಹಾಕಿದಾಗ ಸಿಕ್ಕ ಚೀಲ ಆ ಜಾತಿಯದಲ್ಲ. ಅದು ಇಲ್ಲಿಯ, ಚೆಂಡು ಕೈಯಲ್ಲಿ ಹಿಡಿದು ಓಡುವ ಕಾಲೇಜು ಫುಟ್‌ಬಾಲ್ ನೋಡಲು ಹೋಗುವವರು ಒಯ್ಯಬೇಕಾದ ಚೀಲ. ಗಾಜಿನ ಹಾಗೆ ಒಳಗಿರುವುದೆಲ್ಲ ಹೊರಗೆ ಕಾಣಬೇಕು, ಇಲ್ಲದಿದ್ದರೆ ಸ್ಟೇಡಿಯಂ ಬಾಗಿಲಲ್ಲೇ ತಡೆಯುತ್ತಾರೆ.

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕ ವಿಮಲ ಮೈಸೂರಿನಿಂದ ಬಂದಿದ್ದಾಗ ಅವಳಿಗಾಗಿ ಕೊಂಡ ಚೀಲ ಅದು. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದ ಅಕ್ಕ ಯಾವುದನ್ನೂ ಬೀಗವಿಲ್ಲದೆ ಇಟ್ಟವಳಲ್ಲ. ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಏನಿಟ್ಟರೂ ಊರಿಗೆಲ್ಲ ಕಾಣುತ್ತದಲ್ಲ ಎಂದು ಬೇಸರಪಟ್ಟಳು. ಕೊನೆಗೆ ರಕ್ತದೊತ್ತಡದ ಮಾತ್ರೆ, ಕನ್ನಡಕದ ಡಬ್ಬಿ ಕಾಣುವ ಹಾಗೆ ಇಟ್ಟು, ಕೋಡುಬಳೆಯನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ಮುಚ್ಚಿಟ್ಟಳು. ಹ್ಯೂಸ್ಟನ್ನಿನ ಸ್ಟೇಡಿಯಂ ಬಾಗಿಲಲ್ಲಿದ್ದ ಆಜಾನುಬಾಹು ಮೊದಲು ಬಿಚ್ಚಿಸಿದ್ದು ಆ ಕರವಸ್ತ್ರವನ್ನೇ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದ. ಅಕ್ಕ ವಾದ ಮಾಡಲಿಲ್ಲ. ಪಕ್ಕಕ್ಕೆ ಸರಿದು ನಿಂತು, ನನ್ನ ಕೈಗೂ ಎರಡು ಕೊಟ್ಟು, ಉಳಿದದ್ದನ್ನು ನಿಧಾನವಾಗಿ ತಿಂದು ಮುಗಿಸಿ, ಬಾಯಿ ಒರೆಸಿಕೊಂಡು ಒಳಗೆ ಬಂದಳು.

ಫುಟ್‌ಬಾಲ್ ಎಂದರೆ ಏನೆಂದು ತಿಳಿಯದ ಈ ಹೆಂಗಸು ಹ್ಯೂಸ್ಟನ್‌ವರೆಗೆ ಯಾಕೆ ಹೋದಳು ಎಂದು ನೀವು ಕೇಳಬೇಕು. ಅದನ್ನು ಹೇಳಲೆಂದೇ ಕೂತಿದ್ದೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಸಹಿಸಿಕೊಳ್ಳಿ.

ನನ್ನ ಮಗಳು ಮಾನಸಿ ಕಾಲೇಜಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದಳು. ಆಟದ ಮಧ್ಯಂತರದಲ್ಲಿ ಮೈದಾನಕ್ಕಿಳಿದು, ನುಡಿಸುತ್ತಲೇ ಹೆಜ್ಜೆ ಹಾಕುತ್ತ, ವೃತ್ತವಾಗಿ ಅಕ್ಷರವಾಗಿ ಕೂಡುವ ದೊಡ್ಡ ಬ್ಯಾಂಡು. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಟೆಕ್ಸಾಸಿನ ಕನ್ನಡಿಗರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮಡಚುತ್ತಾರೆ. ಆ ವರ್ಷ ಅವಳದು ಕೊನೆಯ ವರ್ಷ. ಹೈಸ್ಕೂಲಿನಿಂದ ಊದಿಕೊಂಡು ಬಂದವಳು. ಓದು ಮುಗಿದ ಮೇಲೆ ಟ್ರಂಪೆಟ್ ಊದುವವರು ಇರಬಹುದು, ಆದರೆ ಮೈದಾನದಲ್ಲಿ ಹೆಜ್ಜೆ ಹಾಕುವುದು ಅಲ್ಲಿಗೇ ಮುಗಿಯುತ್ತದೆ. ಅವರ ತಂಡ ಆ ವರ್ಷ ಚೆನ್ನಾಗಿ ಆಡಿತ್ತು. ರಾಷ್ಟ್ರದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಹನ್ನೆರಡು ತಂಡಗಳ ಸುತ್ತಿಗೆ ಅವರೂ ಸೇರುತ್ತಾರೆ ಎಂದು ಎಲ್ಲರೂ ನಂಬಿದ್ದೆವು.

ಇಲ್ಲಿ ಚಾಂಪಿಯನ್ ಆಗುವ ಬಗೆಯೇ ವಿಚಿತ್ರ. ನಾನು ಬಂದ ಹೊಸದರಲ್ಲಿ ಹತ್ತಿರದ ಊರಾದ ರಿಚರ್ಡ್‌ಸನ್ನಿನ ಆಫೀಸಿನಲ್ಲಿ ಇದನ್ನು ಅರ್ಥಮಾಡಿಕೊಳ್ಳಲು ಹೋಗಿ ಸುಸ್ತಾಗಿದ್ದೆ. ನೂರಕ್ಕೂ ಹೆಚ್ಚು ಕಾಲೇಜುಗಳು, ಒಂದೊಂದೂ ವರ್ಷಕ್ಕೆ ಹತ್ತು ಹನ್ನೆರಡು ಪಂದ್ಯ ಆಡುತ್ತದೆ, ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವಿಲ್ಲ. ಹಾಗಾದರೆ ಯಾರು ದೊಡ್ಡವರು? ಹಿಂದಿನ ಕಾಲದಲ್ಲಿ ಪತ್ರಿಕೆಯವರು ಮತ ಹಾಕಿ ಒಬ್ಬರನ್ನು ಆರಿಸುತ್ತಿದ್ದರು, ತರಬೇತುದಾರರು ಮತ ಹಾಕಿ ಇನ್ನೊಬ್ಬರನ್ನು. ಒಂದೇ ವರ್ಷಕ್ಕೆ ಇಬ್ಬರು ಚಾಂಪಿಯನ್ನರು, ಒಬ್ಬರ ಮುಖ ಒಬ್ಬರು ನೋಡದವರು. ತಾತನ ಕಾಲದ ಗದ್ದೆಗೆ ಹಕ್ಕು ಸಾಧಿಸುವವರ ಹಾಗೆ ಯಾವುದೋ ಹಳೆಯ ವರ್ಷ ನಾವೇ ಗೆದ್ದದ್ದು ಎಂದು ಸ್ಟೇಡಿಯಂ ಗೋಡೆಯ ಮೇಲೆ ಇವತ್ತಿಗೂ ಬರೆಸಿಕೊಂಡಿರುವ ಕಾಲೇಜುಗಳಿವೆ. ಆಮೇಲೆ ಕಂಪ್ಯೂಟರನ್ನು ಕೇಳಿದರು. ಕಂಪ್ಯೂಟರನ್ನೂ ಬೈದರು. ಈಗ ಒಂದು ಸಮಿತಿ. ಅದು ಮೊದಲು ನಾಲ್ವರನ್ನು ಆರಿಸುತ್ತಿತ್ತು, ಜಗಳ ಹೆಚ್ಚಾಯಿತೆಂದು ಹನ್ನೆರಡು ಮಾಡಿದರು. ಎಷ್ಟು ಎಲೆ ಹಾಕಿದರೂ ಪಂಕ್ತಿ ತುಂಬಿದ ಮೇಲೆ ಒಬ್ಬ ಬಾಗಿಲಲ್ಲಿ ನಿಂತೇ ಇರುತ್ತಾನೆ. ಮೊದಲು ಐದನೆಯವನು ಅಳುತ್ತಿದ್ದ, ಈಗ ಹದಿಮೂರನೆಯವನು ಅಳುತ್ತಾನೆ.

ಆ ವರ್ಷ ಬಾಗಿಲಲ್ಲಿ ನಿಂತವರು ನಾವು.

ಪಟ್ಟಿ ಹೊರಬೀಳುವ ಭಾನುವಾರ ನಾವಿದ್ದದ್ದು ಆಸ್ಟಿನ್ನಿನಲ್ಲಿ, ಧಾರವಾಡದ ಪಾಟೀಲರ ಮನೆಯಲ್ಲಿ. ಪಾಟೀಲರು ನನ್ನ ಮೊದಲ ಕೆಲಸದ ಕಾಲದ ಗೆಳೆಯರು. ಅವರು ಓದಿದ ಕಾಲೇಜೂ ಇಲ್ಲಿಯದೇ, ಅವರ ತಂಡವೂ ಆ ವರ್ಷ ಸರದಿಯಲ್ಲಿತ್ತು. ನಮ್ಮದೂ ಅವರದೂ ಎರಡೆರಡು ಪಂದ್ಯ ಸೋತಿದ್ದವು. ಅಕ್ಟೋಬರಿನಲ್ಲಿ ಎದುರಾಬದುರಾದಾಗ ಗೆದ್ದದ್ದು ಮಾತ್ರ ನಾವು. ಇನ್ನೇನು ಬೇಕು ಸಾಕ್ಷಿ? ಅಕ್ಕನಿಗೆ ಊರು ತೋರಿಸುವ ನೆಪದಲ್ಲಿ ಹಿಂದಿನ ದಿನವೇ ಹೋಗಿದ್ದೆವು. ಜಾರ್ಜ್‌ಟೌನ್ ದಾಟುವಾಗ ನಾನು ಕಾರಿನಲ್ಲಿ ಹಾಡುತ್ತಿದ್ದೆನಂತೆ, ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ಟೀವಿಯಲ್ಲಿ ಒಂದೊಂದೇ ಹೆಸರು ಬಂತು. ಕೊನೆಯ ಜಾಗಕ್ಕೆ ಬಂದದ್ದು ಪಾಟೀಲರ ಕಾಲೇಜು. ನಮ್ಮ ತಂಡದ ಹುಡುಗರು ಯಾವುದೋ ಸಭಾಂಗಣದಲ್ಲಿ ಸಾಲಾಗಿ ಕೂತು ಕಾಯುತ್ತಿದ್ದದ್ದನ್ನೂ ತೋರಿಸಿದರು. ಅವರು ತಲೆ ತಗ್ಗಿಸುವವರೆಗೂ ಕ್ಯಾಮೆರಾ ಅಲ್ಲಿಂದ ಅಲುಗಲಿಲ್ಲ. ಸಮಿತಿಯವರು ಕಾರಣ ಕೊಟ್ಟರು. ನಾವು ಸೋತ ಎರಡರಲ್ಲಿ ಒಂದು ತೀರ ಬಡಪಾಯಿ ತಂಡಕ್ಕೆ ಸೋತದ್ದು, ಪಾಟೀಲರ ತಂಡದವರು ನಮ್ಮನ್ನು ಬಿಟ್ಟರೆ ಸೋತದ್ದು ಘಟಾನುಘಟಿಗಳ ಒಂದು ತಂಡಕ್ಕೆ. ಆಡಿದವರ ಬಲ, ಸೋಲಿನ ಗುಣ, ಕಣ್ಣಿಗೆ ಕಂಡ ಚಂದ, ಎಲ್ಲವನ್ನೂ ತೂಗಿದರಂತೆ. ಅಕ್ಕ ಅದನ್ನೆಲ್ಲ ಕೇಳಿಸಿಕೊಂಡು, ಇದು ಹೆಣ್ಣು ನೋಡಲು ಬಂದವರು ಊರಿಗೆ ಹೋಗಿ ಕಾಗದ ಬರೆದ ಹಾಗಿದೆ ಎಂದಳು. ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಆದರೆ.

ಪಾಟೀಲರು ಒಳ್ಳೆಯವರು. ಸಂತೋಷವನ್ನು ಅರ್ಧ ನುಂಗಿಕೊಂಡು, "ನಿಮಗ ಅನ್ಯಾಯ ಆತ್ರಿ. ಸೋತವರನ್ನ ಒಳಗ ಕರದು ಗೆದ್ದವರನ್ನ ಹೊರಗ ನಿಲ್ಲಿಸ್ಯಾರ" ಎಂದರು. ಆ ಸಮಾಧಾನ ನನಗೆ ಉಪ್ಪು ಸವರಿದ ಹಾಗಾಯಿತು. ಅವರ ಮನೆಯಾಕೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿಟ್ಟಿದ್ದರು. ನಾನು ಹಸಿವಿಲ್ಲ ಎಂದೆ.

ಇಲ್ಲಿ ನಮ್ಮ ಮನೆತನದ ಒಂದು ಕಲೆಯ ಬಗ್ಗೆ ಹೇಳಬೇಕು. ಕೆಲವು ಮನೆಗಳಲ್ಲಿ ಸಂಗೀತ ಬರುತ್ತದೆ, ಕೆಲವು ಮನೆಗಳಲ್ಲಿ ಜ್ಯೋತಿಷ್ಯ. ನಮ್ಮಲ್ಲಿ ಬಂದದ್ದು ಮುನಿಸು. ಸಿಟ್ಟು ಬೇರೆ, ಮುನಿಸು ಬೇರೆ. ಸಿಟ್ಟಿಗೆ ಬಾಯಿ ಬೇಕು. ಮುನಿಸಿಗೆ ಊಟ ಬಿಟ್ಟರೆ ಸಾಕು. ನಮ್ಮ ತಾತ ಒಂದು ಮದುವೆಯಲ್ಲಿ ತಮ್ಮನ್ನು ಎರಡನೆಯ ಪಂಕ್ತಿಗೆ ಕರೆದರೆಂದು ನೀರೂ ಮುಟ್ಟದೆ ಬಿಸಿಲಿನಲ್ಲಿ ಮನೆಗೆ ನಡೆದು ಬಂದವರಂತೆ. ಅಪ್ಪ ಸಾರಿಗೆ ಉಪ್ಪು ಕಮ್ಮಿಯಾದರೆ ಎದ್ದುಹೋಗಿ ಜಗಲಿಯ ಮೇಲೆ ಕೂರುತ್ತಿದ್ದರು. ಅಮ್ಮ ಹೋಗಿ ಕರೆಯಬೇಕು, ಅವರು ಬೇಡ ಅನ್ನಬೇಕು, ಆಮೇಲೆ ಅಜ್ಜಿ ಹೋಗಬೇಕು, ಆಗ ಬರಬೇಕು. ಈ ಶಾಸ್ತ್ರ ಗೊತ್ತಿಲ್ಲದ ಮನೆಯಲ್ಲಿ ಮುನಿಸಿಕೊಂಡರೆ ಹಸಿವೊಂದೇ ಲಾಭ. ನನಗೆ ಪಾಟೀಲರ ಮನೆಯಲ್ಲಿ ಅದೇ ಆಯಿತು. ಹಸಿವಿಲ್ಲ ಎಂದದ್ದನ್ನು ಅವರು ಪಾಪ ನಂಬಿಬಿಟ್ಟರು. ಅಕ್ಕ ಮಾತ್ರ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚುತ್ತ, ಸಮಿತಿಯ ಮೇಲಿನ ಸಿಟ್ಟನ್ನು ಎಣಗಾಯಿಯ ಮೇಲೆ ಯಾಕೆ ತೀರಿಸುತ್ತೀಯ ಎಂದು ಎಲ್ಲರ ಮುಂದೆಯೇ ಕೇಳಿದಳು.

ನನಗೆ ಆಶ್ಚರ್ಯವಾಯಿತು. ಯಾಕೆಂದರೆ ನಮ್ಮ ಮನೆಯ ಮುನಿಸುಗಳಲ್ಲೆಲ್ಲ ಶಿಖರಪ್ರಾಯವಾದದ್ದು ಅಕ್ಕನದೇ.

ಅಕ್ಕ ಕಾಲೇಜಿನಲ್ಲಿ ಖೋ ಖೋ ಆಡುತ್ತಿದ್ದಳು. ಕಂಬದ ಹತ್ತಿರ ಅವಳಿಂದ ತಪ್ಪಿಸಿಕೊಂಡು ಹೋದವರಿಲ್ಲ ಎಂದು ನಮ್ಮ ಬೀದಿಯಲ್ಲಿ ಮಾತಿತ್ತು. ಅವಳ ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯಿತು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಸಮಿತಿ ಚಹಾ ಕುಡಿದು, ಅಕ್ಕ ವರ್ಷವಿಡೀ ಔಟ್ ಮಾಡಿದ್ದ ನಾಗರತ್ನ ಎಂಬ ಹುಡುಗಿಯನ್ನು ಆಡುವವರಲ್ಲಿ ಸೇರಿಸಿತು. ಅಕ್ಕನನ್ನು ಹೆಚ್ಚುವರಿಯವರ ಸಾಲಿನಲ್ಲಿ ಕೊನೆಗೆ ಹಾಕಿತು. ಅಕ್ಕ ಹೋಗಲಿಲ್ಲ. ತಂಡ ರೈಲು ಹತ್ತಿತು, ಅಕ್ಕ ಮನೆಯಲ್ಲಿ ಕೂತಳು. ಮತ್ತೆ ಯಾವತ್ತೂ ಆಡಲಿಲ್ಲ. ಈ ಕಥೆಯನ್ನು ಅಪ್ಪ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಕೊಡುತ್ತಿದ್ದರು. ನನ್ನ ಮಗಳು ಎಂಜಲು ಎಲೆಗೆ ಕೂರುವವಳಲ್ಲ ಎನ್ನುತ್ತಿದ್ದರು. ನಾನೂ ಈ ಕಥೆ ಕೇಳಿಕೊಂಡೇ ಬೆಳೆದವನು. ಸ್ವಾಭಿಮಾನ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ನೆನಪಾಗುವುದು ಲಂಗದ ಮೇಲೆ ದಾವಣಿ ಬಿಗಿದು, ಗಲ್ಲ ಎತ್ತಿ ಕೂತ ಅಕ್ಕ.

ಹೀಗಿರುವಾಗ ಮಾನಸಿಯ ಫೋನು ಬಂತು. ಹದಿಮೂರನೆಯವರಿಗೂ ಇಲ್ಲಿ ಒಂದು ಪಂದ್ಯ ಕೊಡುತ್ತಾರೆ, ಮಗುವಿನ ಕೈಗೆ ಬತ್ತಾಸು ಕೊಟ್ಟ ಹಾಗೆ. ಅವರಿಗೆ ಸಿಕ್ಕದ್ದು ಡಿಸೆಂಬರ್ ಕೊನೆಗೆ ಹ್ಯೂಸ್ಟನ್ನಿನಲ್ಲಿ. ಗೆದ್ದರೂ ಯಾವ ಚಾಂಪಿಯನ್ ಪಟ್ಟಕ್ಕೂ ದಾರಿಯಿಲ್ಲ. ತಂಡದ ದೊಡ್ಡ ಆಟಗಾರರು ಆಗಲೇ ನಾವು ಬರುವುದಿಲ್ಲ ಎಂದು ಹೇಳಿದ್ದರು. ಅವರನ್ನು ನೋಡಿ ಬ್ಯಾಂಡಿನ ಹಿರಿಯರಲ್ಲಿ ಕೆಲವರೂ ಹೋಗುವುದಿಲ್ಲ ಎಂದು ಶಪಥ ಮಾಡಿದರು. ಮಾನಸಿ ಅವರಲ್ಲೊಬ್ಬಳು. ನಾನು ಉಬ್ಬಿಹೋದೆ. ಇಲ್ಲಿ ಹುಟ್ಟಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಯಲ್ಲಿ ಬೇರೇನೂ ಇಳಿದಿಲ್ಲದಿದ್ದರೂ ಮನೆತನದ ಕಲೆ ಇಳಿದಿದೆಯಲ್ಲ! ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿಗೆ ಉದ್ದಕ್ಕೆ ಬರೆದೆ. ಅವಳ ಅತ್ತೆಯ ಖೋ ಖೋ ಕಥೆಯನ್ನೂ ಸೇರಿಸಿ, ನಮ್ಮ ಮನೆಯ ಹೆಣ್ಣುಮಕ್ಕಳು ಹೀಗೆ ಎಂದು ಮುಗಿಸಿದೆ. ಸಾಲುಸಾಲಾಗಿ ಹೆಬ್ಬೆರಳುಗಳು ಬಂದವು. ಪಾಟೀಲರೂ ಒಂದು ಒತ್ತಿದ್ದರು.

ಪರೀಕ್ಷೆ ಮುಗಿಸಿ ಮಾನಸಿ ಮನೆಗೆ ಬಂದ ದಿನ ವಿಮಾನ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದೆವು. ಸಮಿತಿಯವರು ಕೂತು ಪಟ್ಟಿ ಮಾಡುವ ದೊಡ್ಡ ಹೋಟೆಲು ನಮ್ಮ ಮನೆಯಿಂದ ದೂರವಿಲ್ಲ. ಅದೇ ನೋಡು ಎಂದು ಅಕ್ಕನಿಗೆ ತೋರಿಸಿದೆ. ಅಕ್ಕ ಅದನ್ನು ಕತ್ತು ತಿರುಗಿಸಿ ನೋಡಿದಳೇ ಹೊರತು ನಾನು ನಿರೀಕ್ಷಿಸಿದ ಹಾಗೆ ಏನೂ ಬೈಯಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಮಾನಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಹೋಗಿ ಊದಿ ಬಾ ಪುಟ್ಟಿ" ಎಂದಳು.

ಮಾನಸಿ ನಕ್ಕಳು. ಅತ್ತೆ ಹೀಗೆ ಹೇಳುವುದೇ, ಅತ್ತೆಯಂತೂ ತನ್ನ ಆದರ್ಶ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹೇಳಿದ ಕಥೆ ಅವಳಿಗೆ ಬಾಯಿಪಾಠವಾಗಿತ್ತು.

"ನಿಮ್ಮಪ್ಪಂಗೆ ಅರ್ಧ ಕಥೆ ಗೊತ್ತು" ಎಂದಳು ಅಕ್ಕ. ಲೋಟ ಕೆಳಗಿಟ್ಟಳು. "ಹೊರಡೋ ದಿನ ನಾನು ಬ್ಯಾಗ್ ಕಟ್ಟಿ ಮಂಚದ ಕೆಳಗೆ ಇಟ್ಕೊಂಡಿದ್ದೆ ಕಣೆ. ಯಾರಾದ್ರೂ ಬಂದು ಒಂದು ಸಲ ಬಾರೇ ಅಂದ್ರೆ ಸಾಕು, ಹೊರಟುಬಿಡೋಣ ಅಂತ. ಯಾರೂ ಬರಲಿಲ್ಲ. ಹೋಗ್ಲಿ, ನಾನೇ ಹೋಗ್ತೀನಿ ಅಂತ ಎದ್ದೆ. ಹಜಾರದಲ್ಲಿ ನಿಮ್ಮ ತಾತ ಯಾರಿಗೋ ಹೇಳ್ತಾ ಇದ್ರು, ನನ್ನ ಮಗಳು ಹಾಗೆಲ್ಲ ಬಗ್ಗೋಳಲ್ಲ ಅಂತ. ಅಷ್ಟು ಹೊಗಳಿಸ್ಕೊಂಡ ಮೇಲೆ ಹೊಸಲು ಹೇಗೆ ದಾಟಲಿ ಹೇಳು. ಬ್ಯಾಗ್ ಬಿಚ್ಚಿಟ್ಟೆ."

ಅಕ್ಕನ ತಮ್ಮನಾಗಿ ಇಷ್ಟು ವರ್ಷ ಬದುಕಿದ ನನಗೆ ಮಂಚದ ಕೆಳಗಿನ ಆ ಬ್ಯಾಗು ಗೊತ್ತೇ ಇರಲಿಲ್ಲ. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ನಾನು ಆಗ ಬುಗುರಿ ಆಡಿಕೊಂಡಿದ್ದಿರಬೇಕು.

"ಸಮಿತಿಯೋರು ನನ್ನ ಕೊನೇಲಿ ಕೂರಿಸಿದ್ರು, ನಿಜ. ಆದ್ರೆ ಆಟದಿಂದ ಎಬ್ಬಿಸಿದ್ದು ಅವರಲ್ಲ. ನಾನೇ ಎದ್ದು ಬಂದೆ" ಎಂದಳು ಅಕ್ಕ.

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನಾನು ನೂರು ಸಲ ಬೇರೆಯವರಿಗೆ ಹೇಳಿದ್ದೇನೆ. ಮೂಗು ಕೊಯ್ದುಕೊಂಡವರ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವವರ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ಮಾನಸಿ ಅತ್ತೆಯ ಕೈ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, ಆದರೆ ಈಗ ಎಲ್ಲರಿಗೂ ಹೇಳಿಯಾಗಿದೆಯಲ್ಲ ಎಂದಳು. ಸ್ನೇಹಿತರಿಗೆ ಮಾತು ಕೊಟ್ಟಿದ್ದೇನೆ ಎಂದಳು. ನನ್ನ ಕಡೆ ನೋಡದೆ, ಅಪ್ಪನೂ ಎಲ್ಲ ಅಂಕಲ್ ಆಂಟಿಗಳಿಗೆ ಹೇಳಿದ್ದಾರೆ ಎಂದಳು. ನಾನು, ಅದಕ್ಕೇನಂತೆ, ನೀನು ಹೋಗುವುದಾದರೆ ಹೋಗು ಎಂದೆ. ನನ್ನ ದನಿ ನನಗೇ ಸಪ್ಪೆಯಾಗಿ ಕೇಳಿಸಿತು. ಹೊಗಳಿಕೆಯನ್ನು ವಾಪಸ್ಸು ತೆಗೆದುಕೊಳ್ಳುವ ಶಾಸ್ತ್ರ ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಅವಳು ಹೋಗಲಿಲ್ಲ. ಅಕ್ಕ, ಹಾಗಾದರೆ ನಾವಾದರೂ ಹೋಗೋಣ ನಡಿ ಎಂದಳು.

ಹೀಗೆ ನಾವು ಹ್ಯೂಸ್ಟನ್ನಿಗೆ ಹೋದದ್ದು. ದಾರಿಯುದ್ದಕ್ಕೂ ನಾನು ಆಟದ ನಿಯಮ ಹೇಳಿಕೊಟ್ಟೆ. ಅಕ್ಕ ಹೂಂಗುಟ್ಟುತ್ತ ನಿದ್ದೆ ಮಾಡಿದಳು. ಸ್ಟೇಡಿಯಮ್ಮಿನಲ್ಲಿ ಕಾಲುಭಾಗವೂ ಜನರಿರಲಿಲ್ಲ. ಬರುವುದಿಲ್ಲ ಎಂದ ದೊಡ್ಡ ಆಟಗಾರರ ಬದಲು ಆಡಲು ಇಳಿದವರು ವರ್ಷವಿಡೀ ಬೆಂಚಿನ ಮೇಲೆ ಕೂತು ನೀರು ಕುಡಿದ ಹುಡುಗರು. ಎದುರಾಳಿಗಳು ಅವರನ್ನು ಚಚ್ಚಿಹಾಕಿದರು. ಆದರೆ ಆ ಹುಡುಗರ ಉತ್ಸಾಹವನ್ನು ನೀವು ನೋಡಬೇಕಿತ್ತು. ಬಿದ್ದರೆ ಪುಟಿದೆದ್ದು ಓಡುತ್ತಿದ್ದರು, ನಾಲ್ಕು ಹೆಜ್ಜೆ ಮುಂದೆ ಹೋದರೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಅಂಕಿ ಹಾಕಿಕೊಂಡು ಕೊರಗುತ್ತಿದ್ದವನು ನಾನೊಬ್ಬನೇ. ಅಕ್ಕನಿಗೆ ಚೆಂಡು ಎಲ್ಲಿದೆ ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೂ ಅವರು ಒಂದು ಸಲ ಗೆರೆ ದಾಟಿ ಅಂಕ ಗಳಿಸಿದಾಗ ಎದ್ದು ನಿಂತು ಕೈ ತಟ್ಟಿದಳು.

ಮಧ್ಯಂತರದಲ್ಲಿ ಬ್ಯಾಂಡು ಇಳಿಯಿತು. ಟ್ರಂಪೆಟ್ಟಿನವರು ಯಾವ ಕಡೆ ಎಂದು ಅಕ್ಕ ಕೇಳಿದಳು. ತೋರಿಸಿದೆ. ಕನ್ನಡಕ ಒರೆಸಿ ಹಾಕಿಕೊಂಡು, ಮುಂದಿನ ಕಂಬಿ ಹಿಡಿದು ನಿಂತು, ಅವರು ನುಡಿಸಿ ಮುಗಿಸುವವರೆಗೂ ಆ ಸಾಲುಗಳನ್ನೇ ನೋಡಿದಳು. ನಾನೂ ನೋಡಿದೆ. ವಾಪಸ್ಸು ಬರುವಾಗ ಅವಳು ನಿದ್ದೆ ಮಾಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ದೋಸೆ ಹಾಕುತ್ತಿದ್ದೆ, ಅಕ್ಕ ಚಟ್ನಿಗೆ ಒಗ್ಗರಣೆ ಕೊಡುತ್ತಿದ್ದಳು. ಮಾನಸಿ ಕೆಳಗೆ ಬಂದು ಕೂತಳು. ಟೀವಿಯಲ್ಲೂ ನೋಡುವುದಿಲ್ಲ ಎಂದು ಹೇಳಿದ್ದವಳು ನೋಡಿರಲಿಲ್ಲ. ಪಂದ್ಯ ಎಷ್ಟಕ್ಕೆ ಸೋತರೆಂದು ಅವಳಿಗೆ ಫೋನಿನಲ್ಲೇ ತಿಳಿದಿತ್ತು, ಆದ್ದರಿಂದ ಅದನ್ನು ಕೇಳಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

"ಅತ್ತೆ, ನನ್ನ ಜಾಗ ಖಾಲಿ ಕಾಣ್ತಿತ್ತಾ?"

ಹೌದು ಎಂದುಬಿಡಲಿ ಎಂದು ನಾನು ಕಾವಲಿಯ ಮುಂದೆ ನಿಂತು ಬೇಡಿಕೊಂಡೆ. ಆ ಹೌದು ಎಂಬ ಮಾತಿಗಾಗಿಯೇ ಅಲ್ಲವೇ ಊಟ ಬಿಡುವವರು ಊಟ ಬಿಡುವುದು. ಅಕ್ಕ ಒಲೆ ಆರಿಸಿದಳು. ಬಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.

"ಇಲ್ಲ ಕಣೆ. ಪಕ್ಕದೋರು ಸರ್ಕೊಂಡು ನಿಂತಿದ್ರು" ಎಂದಳು.